ಸಂಶೋಧನೆ ಹೆಚ್ಚಿದೆ, ಪ್ರಶ್ನೆ ಯಾರದು?

ಕಳೆದ ತಿಂಗಳು ರಕ್ತದೊತ್ತಡ ತೋರಿಸಲು ಬಂದಿದ್ದ ಐವತ್ತೆರಡರ ಗೃಹಿಣಿಯೊಬ್ಬರು ಎದ್ದು ಹೊರಡುವ ಹೊತ್ತಿಗೆ, ‘ಡಾಕ್ಟ್ರೇ, ಎದೆಯಲ್ಲೊಂದು ಗಂಟಿದೆ. ನೋವಿಲ್ಲ, ಅದಕ್ಕೇ ಸುಮ್ಮನಿದ್ದೆ’ ಎಂದರು. ಎಷ್ಟು ದಿನವಾಯಿತು ಎಂದು ಕೇಳಿದೆ. ‘ಏಳು ತಿಂಗಳು. ಮಗಳ ಮದುವೆ ಮುಗೀಲಿ ಅಂತ...’ ಸ್ತನ ಕ್ಯಾನ್ಸರ್‌ನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆ ಮಾತ್ರ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ.

ನಮ್ಮ ದೇಶದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವುಗಳು. ಈ ರೋಗದ ಬಗ್ಗೆ ಭಾರತದಿಂದ ಹೊರಬರುವ ಸಂಶೋಧನಾ ಪ್ರಬಂಧಗಳೂ ಮೂವತ್ತು ವರ್ಷಗಳ ಹಿಂದಿಗಿಂತ ಎಷ್ಟೋ ಹೆಚ್ಚಿವೆ. ಸಂತೋಷವೇ. ಆದರೆ ಪ್ರಬಂಧಗಳ ಎಣಿಕೆ ಹಿಡಿದು ಬೀಗುವುದು ನನಗೆ ಒಪ್ಪಿಗೆಯಿಲ್ಲ.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 1998ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿಕೊಂಡರು. ದುಬಾರಿ ಮ್ಯಾಮೋಗ್ರಫಿ ಯಂತ್ರ ಎಲ್ಲ ಕಡೆ ಇಡಲಾಗದ ದೇಶದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರೆ ಜೀವ ಉಳಿದೀತೇ? 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರು, ಇಪ್ಪತ್ತು ವರ್ಷಗಳ ತಾಳ್ಮೆ. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ತಪಾಸಣೆಗೊಳಗಾದವರಲ್ಲಿ ರೋಗ ಮುಂಚಿತ ಹಂತದಲ್ಲೇ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಐವತ್ತರ ಒಳಗಿನವರಲ್ಲಿ ಸಾವಿನ ಸಂಖ್ಯೆ ತಗ್ಗಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ.

ಅದೇ ಆಸ್ಪತ್ರೆಯ ನೇತೃತ್ವದಲ್ಲಿ ದೇಶದ 11 ಕೇಂದ್ರಗಳು ನಡೆಸಿ 2023ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಜಾತಿಯ ಲಿಗ್ನೊಕೇನ್ ಇಂಜೆಕ್ಷನ್ನನ್ನು ಶಸ್ತ್ರಚಿಕಿತ್ಸೆಗೆ ಏಳರಿಂದ ಹತ್ತು ನಿಮಿಷ ಮುಂಚೆ ಗಡ್ಡೆಯ ಸುತ್ತ ಕೊಟ್ಟರು. ಐದು ವರ್ಷದ ನಂತರ ಬದುಕಿದ್ದವರು ಶೇ. 86.4ರಿಂದ 90.1ಕ್ಕೆ ಏರಿದರು. ಅಗ್ಗದ ಔಷಧ, ಯಾವ ಕಂಪನಿಗೂ ಇದರಲ್ಲಿ ದೊಡ್ಡ ಲಾಭವಿಲ್ಲ. ಇಂಥ ಪ್ರಶ್ನೆಗಳನ್ನು ನಾವು ಕೇಳದಿದ್ದರೆ ಇನ್ನಾರು ಕೇಳಬೇಕು?

ನನ್ನ ದೂರು ಇಷ್ಟೇ. ಸಂಶೋಧನೆ ಬಹುತೇಕ ದೊಡ್ಡ ಆಸ್ಪತ್ರೆಯ ಬಾಗಿಲ ಒಳಗೆ ಶುರುವಾಗುತ್ತದೆ, ರೋಗ ಅದಕ್ಕಿಂತ ಎಷ್ಟೋ ಮೊದಲು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಎಷ್ಟು ಜನರಿಗೆ, ಯಾವ ವಯಸ್ಸಿಗೆ ಎಂಬುದು ಅಲ್ಲಿ ಸಿಗುತ್ತದೆ. ಗಂಟು ಕೈಗೆ ತಗುಲಿದ ದಿನದಿಂದ ವೈದ್ಯರ ಮುಂದೆ ಕೂರುವ ದಿನದವರೆಗೆ ಏನಾಯಿತು, ಮನೆಯಲ್ಲಿ ಯಾರು ಬೇಡವೆಂದರು, ದುಡ್ಡು ಯಾರ ಕೈಯಲ್ಲಿತ್ತು? ಇದನ್ನು ಬರೆದಿಡಲು ಪ್ರಯೋಗಾಲಯ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆ ಸಾಕು, ನನ್ನಂಥವರ ಕ್ಲಿನಿಕ್ಕೂ ಸಾಕು.

ಆ ಗೃಹಿಣಿಯನ್ನು ಮರುದಿನವೇ ತಜ್ಞರ ಬಳಿ ಕಳಿಸಿದೆ. ಚೀಟಿಯಲ್ಲಿ ಗಂಟಿನ ಅಳತೆ, ಯಾವ ಬದಿ, ಕಂಕುಳಲ್ಲಿ ಏನು ಸಿಕ್ಕಿತು, ಎಲ್ಲ ಬರೆದಿದ್ದೆ. ಏಳು ತಿಂಗಳ ಮಾತು ಬರೆದಿರಲಿಲ್ಲ.