ಸತುವಿನ ಕಾರು ಕಲಿಸುವ ಲೆಕ್ಕ

ಅಮೆರಿಕದ ಮೋಟಾರು ಉದ್ಯಮದ ವೈಭವಕಾಲದ ಕುರುಹಾಗಿ 1959ರ ಕ್ಯಾಡಿಲಾಕ್ ಎಲ್ಡೊರಾಡೊ ಬಿಯಾರಿಟ್ಜ್ ಕಾರು ಇಂದಿಗೂ ಪ್ರಸಿದ್ಧ. ಮೇಲ್ಛಾವಣಿಯನ್ನು ಮಡಚಬಹುದಾದ ಈ ಕನ್ವರ್ಟಿಬಲ್ ಕಾರಿನ ಉದ್ದ 225 ಅಂಗುಲ; ಆ ವರ್ಷ ತಯಾರಾದವು ಕೇವಲ 1,320. ಮೂಲ ಕಾರು ಕೈಗೆಟುಕದ ಅಭಿಮಾನಿಗಳು 1:18 ಪ್ರಮಾಣದ, 12.5 ಅಂಗುಲದ ಪ್ರತಿಕೃತಿಯನ್ನು ಗಾಜಿನ ಕಪಾಟಿನಲ್ಲಿಟ್ಟು ತೃಪ್ತಿಪಡುತ್ತಾರೆ.

ಸಾಮಾನ್ಯ ಆಟಿಕೆಗಿಂತ ಹಲವು ಪಟ್ಟು ಬೆಲೆಯನ್ನು ಸಂಗ್ರಾಹಕರು ಇದಕ್ಕೆ ತೆರುವುದೇಕೆ? ತೆರೆದು ಮುಚ್ಚುವ ಬಾಗಿಲು, ಹಿಂಬದಿಯ ರೆಕ್ಕೆಗಳ ನಿಖರ ರೇಖೆ, ಬಣ್ಣದ ಹೊಳಪು ಇವು ಕಣ್ಣಿಗೆ ಕಾಣುವ ಕಾರಣಗಳು. ಕಾಣದ ಕಾರಣವೂ ಒಂದುಂಟು: ವಸ್ತುವು ದಶಕಗಳವರೆಗೆ ಕೆಡದೆ ಉಳಿಯುವುದೆಂಬ ವಿಶ್ವಾಸ.

ಈ ವಿಶ್ವಾಸ ಸುಲಭವಾಗಿ ದೊರೆತದ್ದಲ್ಲ. ಇಂತಹ ಪ್ರತಿಕೃತಿಗಳ ಒಡಲನ್ನು ಬಹುಮಟ್ಟಿಗೆ ಸತುವಿನ ಮಿಶ್ರಲೋಹದಿಂದ ಡೈ ಕಾಸ್ಟಿಂಗ್ ವಿಧಾನದಲ್ಲಿ ಎರಕ ಹೊಯ್ಯಲಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಸತುವಿನ ಆಟಿಕೆ ಕಾರು, ರೈಲುಗಳು ಇಟ್ಟಲ್ಲಿಯೇ ಉಬ್ಬಿ, ಬಿರುಕುಬಿಟ್ಟು, ಪುಡಿಯಾದವು. ಲೋಹದಲ್ಲಿ ಬೆರೆತಿದ್ದ ಅತ್ಯಲ್ಪ ಸೀಸ, ತವರಗಳಂತಹ ಕಲ್ಮಶಗಳೇ ಇದಕ್ಕೆ ಮೂಲ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿಯು ಅತಿ ಶುದ್ಧ ಸತುವಿಗೆ ಸುಮಾರು ಶೇ. 4 ಅಲ್ಯೂಮಿನಿಯಂ ಸೇರಿಸಿ ‘ಝಮಾಕ್’ ಮಿಶ್ರಲೋಹವನ್ನು ರೂಪಿಸಿತು. ಈ ವರ್ಗದ ಎರಕಗಳಲ್ಲಿ ಸೀಸವು ಶೇ. 0.005ನ್ನು ಮೀರುವಂತಿಲ್ಲ.

ಬೀಗ, ನಲ್ಲಿ, ವಾಹನದ ಬಿಡಿಭಾಗಗಳನ್ನು ಸತುವಿನಲ್ಲಿ ಎರಕ ಹೊಯ್ಯುವ ಸಣ್ಣ ಉದ್ದಿಮೆದಾರರು ಇಲ್ಲಿ ಗಮನಿಸಬೇಕಾದ ಅಂಶವಿದೆ. ಮೂಲ ತಿಳಿಯದ ಗುಜರಿ ಲೋಹವನ್ನು ಕುಲುಮೆಗೆ ಸುರಿದಾಗ ಆಗುವ ಉಳಿತಾಯ ಅದೇ ವರ್ಷದ ಲಾಭ-ನಷ್ಟ ಖಾತೆಯಲ್ಲಿ ಕಾಣುತ್ತದೆ. ಅದರಿಂದ ಹುಟ್ಟುವ ಹೊಣೆಯಾದರೋ ಆ ವರ್ಷದ ಅಢಾವೆ ಪತ್ರಿಕೆಯಲ್ಲಿ ಎಲ್ಲಿಯೂ ಕಾಣದು. ಮಾಲು ಹಿಂದಿರುಗಿ ಬಂದಾಗ, ಹಳೆಯ ಗ್ರಾಹಕ ಬೇರೆ ಅಂಗಡಿಯತ್ತ ತಿರುಗಿದಾಗ ಮಾತ್ರ ಅದು ಪ್ರಕಟವಾಗುತ್ತದೆ.

ಗ್ರಾಹಕ ನೋಡುವುದು ಬೆಲೆಯನ್ನು ಮಾತ್ರ, ಪರೀಕ್ಷೆಯ ಖರ್ಚನ್ನು ಯಾರು ಕೊಡುತ್ತಾರೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಖರೀದಿಯೊಡನೆ ಲೋಹದ ಪರೀಕ್ಷಾ ಪ್ರಮಾಣಪತ್ರ ಪಡೆಯುವುದು, ಸ್ವಂತ ಎರಕದ ತುಣುಕುಗಳನ್ನು ಹೊರಗಿನ ಗುಜರಿಯಿಂದ ಬೇರೆಯಾಗಿಡುವುದು, ಪ್ರತಿ ತಂಡದ ಮಾಲಿಗೂ ಸಂಖ್ಯೆ ನೀಡಿ ದಾಖಲೆ ಇಡುವುದು ಇವು ಸಣ್ಣ ಘಟಕಕ್ಕೂ ಸಾಧ್ಯ. ಹೊರಗಿನ ಪರೀಕ್ಷಾಲಯಕ್ಕೆ ಆಗಾಗ ಮಾದರಿ ಕಳುಹಿಸುವ ವೆಚ್ಚವನ್ನು ಮಾರಾಟದ ಬೆಲೆಯಲ್ಲಿ ಮೊದಲೇ ಸೇರಿಸಿಕೊಳ್ಳುವುದು ವಿವೇಕ. ಗುಣಮಟ್ಟಕ್ಕೆ ಈ ವರ್ಷ ಬರೆಯದ ಖರ್ಚು ಮುಂದೆ ನಷ್ಟದ ಬಾಬಿನಲ್ಲಿ ಬಡ್ಡಿಸಹಿತ ದಾಖಲಾಗುತ್ತದೆ.