ಸೀಮೆಎಣ್ಣೆಯ ಘಮ
ಮೂಗಿಗೆ ಮೊದಲು ಬಡಿದದ್ದು ಸೀಮೆಎಣ್ಣೆ! ವೈನ್ ಕೆಟ್ಟಿದೆ ಅಂದುಕೊಳ್ಳಬೇಡಿ, ವಯಸ್ಸಾದ ರೀಸ್ಲಿಂಗ್ ದ್ರಾಕ್ಷಿಯ ವೈನ್‌ನ ಗುರುತೇ ಅದು. ಆಸ್ಟ್ರಿಯಾದಲ್ಲಿ, ಡ್ಯಾನ್ಯೂಬ್ ದಂಡೆಯ ಡ್ಯೂರ್ನ್‌ಸ್ಟೈನ್ ಊರಿನ ‘ಡೊಮೇನೆ ವಾಖೌ’ ಎಂಬ ಬೆಳೆಗಾರರ ಸಹಕಾರ ಸಂಘದ 2010ರ ‘ಸ್ಮಾರಾಗ್ಡ್’ ಇದು. ಸ್ಮಾರಾಗ್ಡ್ ಎಂಬುದು ದ್ರಾಕ್ಷಿತೋಟದ ಕಲ್ಲುಕಟ್ಟೆಗಳ ಮೇಲೆ ಬಿಸಿಲು ಕಾಯಿಸುವ ಹಸಿರು ಹಲ್ಲಿಯ ಹೆಸರು; ಆ ಹೆಸರು ಪಡೆಯಲು ವೈನ್‌ನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ. 12.5 ಇರಲೇಬೇಕು. 2010 ತಂಪು ವರ್ಷ, ಹುಳಿ ಜೋರು. ಆ ಹುಳಿಯೇ ಇದನ್ನು ಇಷ್ಟು ವರ್ಷ ಕಾಪಾಡಿದೆ. ಬಣ್ಣವೇನೋ ಜೇನಿನದು, ನಾಲಿಗೆಗೆ ಮಾತ್ರ ಸಿಹಿಯ ಸುಳಿವಿಲ್ಲ: ಒಣಗಿದ ಏಪ್ರಿಕಾಟ್, ನಿಂಬೆಸಿಪ್ಪೆ, ಕೊನೆಗೆ ಮಳೆಯಲ್ಲಿ ನೆನೆದ ಕಲ್ಲಿನ ತಂಪು. (ಫ್ರಿಜ್‌ನಿಂದ ತೆಗೆದ ಕೂಡಲೇ ಗುಟುಕರಿಸಿ ನಾನೂ ಮೊದಲು ಮುಖ ಸಿಂಡರಿಸಿದ್ದೆ.) ಲೋಟಕ್ಕೆ ಸುರಿದು ಅರ್ಧ ಗಂಟೆ ಬಿಟ್ಟು ಕುಡಿಯಿರಿ.