ನಕ್ಕಿದ್ದಕ್ಕೆ ನಾಚಿಕೆಯಾಯ್ತು

‘ಫಿಲಾಸಫಿ ಆಫ್ ದಿ ವರ್ಲ್ಡ್’ ಆಲ್ಬಂನ ಮೊದಲ ಹಾಡು ಕೇಳಿ ಜೋರಾಗಿ ನಕ್ಕುಬಿಟ್ಟೆ. ಗಿಟಾರ್ ಒಂದು ದಾರಿ, ಡ್ರಮ್ಸ್ ಇನ್ನೊಂದು ದಾರಿ! ನುಡಿಸಿದ್ದು ‘ದಿ ಶಾಗ್ಸ್’, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಫ್ರೀಮಾಂಟ್ ಅನ್ನೋ ಸಣ್ಣ ಊರಿನ ಅಕ್ಕತಂಗಿಯರು. ಸ್ಕೂಲ್ ಬಿಡಿಸಿ ಬ್ಯಾಂಡ್ ಕಟ್ಟಿಸಿದ್ದು ಅವರಪ್ಪ. 1969ರಲ್ಲಿ ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ್ದೂ ಅವರೇ. 1975ರಲ್ಲಿ ಅಪ್ಪ ತೀರಿಕೊಂಡರು, ಬ್ಯಾಂಡೂ ನಿಂತಿತು.

ಇದು ಗೊತ್ತಾದ ಮೇಲೆ ಮತ್ತೆ ಕೇಳಿದೆ. ‘ಹೂ ಆರ್ ಪೇರೆಂಟ್ಸ್?’ ಹಾಡಲ್ಲಿ ಅಪ್ಪ-ಅಮ್ಮನ ಕಾಳಜಿಯನ್ನೇ ಹೊಗಳ್ತಾರೆ. ಈ ಸಲ ನಗು ಬರಲಿಲ್ಲ. ಅಪ್ಪ ಹೇಳಿದ್ದಕ್ಕೇ ಎಂಜಿನಿಯರಿಂಗ್ ಸೇರಿದವನು ನಾನು.

ಕರ್ಟ್ ಕೋಬೇನ್ ಮೆಚ್ಚಿದ ಆಲ್ಬಂ ಇದು. ನನ್ನ ಅಭಿಪ್ರಾಯ? ತಾಳಕ್ಕೆ ಸೊನ್ನೆ, ಪ್ರಾಮಾಣಿಕತೆಗೆ ಪೂರ್ತಿ ಮಾರ್ಕ್ಸ್. ಎರಡು ಸಲ ಕೇಳಿ.